ಕಳಿಸಿದವನಿಗೇ ಮರೆತುಹೋದ ಕೆಲಸ

ನಮ್ಮೂರ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಹುಚ್ಚನಿದ್ದ. ಜನ ಎಸೆದ ಟಿಕೆಟ್ಟುಗಳನ್ನು ಆಯ್ದು, ಬಣ್ಣಕ್ಕೊಂದರಂತೆ ಕಟ್ಟು ಮಾಡಿ, ದಾರ ಸುತ್ತಿ, ಕೋಟಿನ ಒಳಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದ. ಯಾರ ಹತ್ತಿರವೂ ಮಾತಿಲ್ಲ, ಕತೆಯಿಲ್ಲ. ‘ಅವನು ಹುಚ್ಚ ಅಲ್ಲ ಕಣೋ, ಸಿಐಡಿ’ ಎಂದು ಹೋಟೆಲಿನ ಮಾಣಿ ನನ್ನ ಕಿವಿಯಲ್ಲಿ ಉಸುರಿದಾಗ ನನಗೆ ಹತ್ತು ವರ್ಷ ಇದ್ದಿರಬೇಕು. ಅವತ್ತಿನಿಂದ ಆ ಟಿಕೆಟ್ಟಿನ ಕಟ್ಟುಗಳಿಗೆ ಬೆಲೆ ಬಂತು. ಅವನು ಶಿವಮೊಗ್ಗದ ಬಸ್ಸಿನ ಕಡೆ ತಿರುಗಿದರೆ ನಾನೂ ತಿರುಗುತ್ತಿದ್ದೆ. ಮುಂದೆ ಬೇರೆ ಬೇರೆ ಊರಿನ ಗೆಳೆಯರನ್ನು ವಿಚಾರಿಸಿದರೆ ಅವರೂರಲ್ಲೂ ಇಂಥ ಒಬ್ಬ ‘ಸಿಐಡಿ’ ಇದ್ದೇ ಇದ್ದ. ಒಂದೂರಲ್ಲಿ ಸಂತೆಕಟ್ಟೆಯ ಮೇಲೆ, ಇನ್ನೊಂದೂರಲ್ಲಿ ಗುಡಿಯ ಜಗಲಿಯ ಮೇಲೆ.

ಯಾಕೆ ಹಾಗೆ ನಂಬಿದೆವು? ಅವನು ಬರೀ ಹುಚ್ಚನೇ ಆಗಿದ್ದರೆ ಅವನ ಹಸಿವು, ಕೊಳೆ, ಒಂಟಿತನ ಯಾವುದಕ್ಕೂ ಕಾರಣವಿಲ್ಲ. ಸಿಐಡಿಯಾಗಿದ್ದರೆ ಎಲ್ಲಕ್ಕೂ ಕಾರಣವಿದೆ. ಎಲ್ಲೋ ಒಂದು ಕಚೇರಿಯ ಕಡತದಲ್ಲಿ ಅವನ ನಿಜವಾದ ಹೆಸರಿದೆ, ಯಾರೋ ಅವನ ವರದಿಗೆ ಕಾಯುತ್ತಿದ್ದಾರೆ. ಈ ಆಸೆ ಅವನೊಬ್ಬನ ಸಲುವಾಗಿ ಇದ್ದದ್ದಲ್ಲ. ಅಪ್ಪ ಸಂಜೆ ಕಚೇರಿಯಿಂದ ಬಂದು ಚೀಲವನ್ನು ಮೊಳೆಗೆ ಸಿಕ್ಕಿಸುವಾಗ, ಈ ಮನುಷ್ಯನಿಗೂ ನಮಗೆ ಹೇಳದ ಇನ್ನೊಂದು ಕೆಲಸ ಇದ್ದಿರಬಾರದೇ ಎಂದು ಎಷ್ಟೋ ಸಲ ಹಂಬಲಿಸಿದ್ದೇನೆ. ಬಾಡಿಗೆ ಪುಸ್ತಕದ ಅಂಗಡಿಯಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಸಿಗುತ್ತಿದ್ದ. ಟೆಂಟಿನಲ್ಲಿ 1968ರ ‘ಜೇಡರ ಬಲೆ’ ಮರಳಿ ಬಂದರೆ ಸಿಐಡಿ 999 ಆಗಿ ರಾಜ್‌ಕುಮಾರ್ ಸಿಗುತ್ತಿದ್ದರು. ಅವಕ್ಕೆ ನಾನು ಋಣಿ. ಆದರೆ ಅವು ಆ ಹಂಬಲಕ್ಕೆ ಉಣಬಡಿಸಿದವೇ ಹೊರತು ಅದನ್ನು ಎದುರಿಗೆ ಕೂರಿಸಿಕೊಂಡು ಮಾತಾಡಿಸಲಿಲ್ಲ. ಮಾತಾಡಿಸಿದ ಕೃತಿ ನನಗೆ ದಕ್ಕಿದ್ದು ಬಹಳ ತಡವಾಗಿ: ವಿಶಾಖದತ್ತನ ‘ಮುದ್ರಾರಾಕ್ಷಸ’.

ಏಳು ಅಂಕಗಳ ಈ ಸಂಸ್ಕೃತ ನಾಟಕದಲ್ಲಿ ಪ್ರೇಮವಿಲ್ಲ, ವಿದೂಷಕನಿಲ್ಲ, ರಂಗದ ಮೇಲೆ ಒಂದು ಯುದ್ಧವೂ ಇಲ್ಲ. ನಂದರು ನಾಶವಾಗಿದ್ದಾರೆ, ಚಂದ್ರಗುಪ್ತ ಪಟ್ಟಕ್ಕೆ ಬಂದಿದ್ದಾನೆ. ನಂದರ ಮಂತ್ರಿ ರಾಕ್ಷಸ ಮಾತ್ರ ಸತ್ತ ಒಡೆಯನ ಋಣ ಬಿಡಲೊಲ್ಲದೆ ಚಂದ್ರಗುಪ್ತನ ವೈರಿ ಮಲಯಕೇತುವಿನ ಪಕ್ಷ ಸೇರಿದ್ದಾನೆ. ಚಾಣಕ್ಯನಿಗೆ ಅವನ ತಲೆ ಬೇಡ, ಅವನೇ ಬೇಕು. ಇಂಥ ನಿಷ್ಠೆಯವನು ಚಂದ್ರಗುಪ್ತನ ಮಂತ್ರಿಯಾಗಬೇಕು. ಇಷ್ಟಕ್ಕಾಗಿ ಏಳು ಅಂಕ ತುಂಬ ಬೇಹುಗಾರರು ಓಡಾಡುತ್ತಾರೆ. ಹಾವಾಡಿಗ ಹಾವಾಡಿಗನಲ್ಲ, ಸನ್ಯಾಸಿ ಸನ್ಯಾಸಿಯಲ್ಲ, ಕೊಲ್ಲಲು ಒಯ್ಯುವವರು ಕೊಲ್ಲುವವರಲ್ಲ. ನಮ್ಮೂರ ಬಸ್ ಸ್ಟ್ಯಾಂಡಿನ ಬಗ್ಗೆ ನಾನು ಕಂಡ ಕನಸು ಇಲ್ಲಿ ಒಂದು ಇಡೀ ರಾಜಧಾನಿಯಲ್ಲಿ ನಿಜವಾಗಿದೆ.

ಮೊದಲ ಅಂಕದ ಉಂಗುರದ ಪ್ರಸಂಗ ನೋಡಿ. ಚಾಣಕ್ಯನ ಬೇಹುಗಾರ ನಿಪುಣಕ ಯಮನ ಚಿತ್ರಪಟ ಹಿಡಿದು ಮನೆಮನೆಗೆ ಹಾಡುತ್ತಾ ಹೋಗುವವನ ವೇಷದಲ್ಲಿದ್ದಾನೆ. ರತ್ನವ್ಯಾಪಾರಿ ಚಂದನದಾಸನ ಮನೆಯಲ್ಲಿ ಪಟ ಬಿಚ್ಚಿ ಹಾಡುತ್ತಿರುವಾಗ ಐದು ವರ್ಷದ ಹುಡುಗನೊಬ್ಬ ಒಳಮನೆಯಿಂದ ಕುತೂಹಲಕ್ಕೆ ಹೊರಗೆ ನುಗ್ಗುತ್ತಾನೆ. ಒಳಗೆ ಹೆಂಗಸರ ಗಾಬರಿ. ಒಬ್ಬಳು ಬಾಗಿಲಲ್ಲಿ ಮುಖ ಮಾತ್ರ ತೋರಿಸಿ ಮಗುವನ್ನು ಸೆಳೆದುಕೊಳ್ಳುವ ಭರದಲ್ಲಿ ಅವಳ ಬೆರಳಿನ ಉಂಗುರ ಜಾರಿ ಹೊಸಿಲು ದಾಟಿ ಉರುಳುತ್ತದೆ. ಜಾರಿದ್ದೇಕೆಂದರೆ ಅದು ಗಂಡಸಿನ ಬೆರಳಿನ ಅಳತೆಗೆ ಮಾಡಿದ್ದು, ರಾಕ್ಷಸನ ಮುದ್ರೆಯುಂಗುರ. ಊರು ಬಿಡುವ ಮುಂಚೆ ಅವನು ಹೆಂಡತಿ ಮಕ್ಕಳನ್ನು ಈ ಗೆಳೆಯನ ಮನೆಯಲ್ಲಿ ಬಚ್ಚಿಟ್ಟು ಹೋಗಿದ್ದಾನೆ. ಉಂಗುರ ಬಂದು ನಿಪುಣಕನ ಪಾದದ ಬಳಿ ನಿಲ್ಲುತ್ತದೆ. ಒಂದು ರಾಜ್ಯದ ಭವಿಷ್ಯವನ್ನು ಮಗುವಿನ ಚಪಲಕ್ಕೂ ತಾಯಿಯ ಗಾಬರಿಗೂ ಕಟ್ಟಿದ ಈ ಜಾಗದಲ್ಲಿ ವಿಶಾಖದತ್ತನಿಗೆ ನಾನು ಕೈಮುಗಿಯುತ್ತೇನೆ. ಬೇಹುಗಾರಿಕೆಯ ಮೋಹವೆಲ್ಲ ಇಲ್ಲಿದೆ: ಜಗತ್ತಿನಲ್ಲಿ ಕ್ಷುಲ್ಲಕವಾದದ್ದು ಯಾವುದೂ ಇಲ್ಲ, ನೋಡುವ ಕಣ್ಣಿದ್ದರೆ ನೆಲಕ್ಕೆ ಬಿದ್ದ ಪ್ರತಿಯೊಂದೂ ಸುಳಿವೇ.

ಅದೇ ನಿಪುಣಕ, ಉಂಗುರವನ್ನು ಚಾಣಕ್ಯನಿಗೆ ಒಪ್ಪಿಸುವ ಅದೇ ವರದಿಯಲ್ಲಿ, ಜೀವಸಿದ್ಧಿಯೆಂಬ ಜೈನ ಸನ್ಯಾಸಿಯನ್ನೂ ಶತ್ರುಪಕ್ಷದವನೆಂದು ಹೆಸರಿಸುತ್ತಾನೆ. ಜೀವಸಿದ್ಧಿ ಚಾಣಕ್ಯನದೇ ಮನುಷ್ಯ. ಚಾಣಕ್ಯ ಅದನ್ನು ಮನಸ್ಸಿನಲ್ಲೇ ಅಂದುಕೊಂಡು ಸುಮ್ಮನಾಗುತ್ತಾನೆ, ನಿಪುಣಕನಿಗೆ ಹೇಳುವುದಿಲ್ಲ. ಒಂದೇ ಒಡೆಯನ ಇಬ್ಬರು ಆಳುಗಳು ಒಬ್ಬರನ್ನೊಬ್ಬರು ಅರಿಯರು. ಇದು ಕವಿಯ ಚಮತ್ಕಾರವಷ್ಟೇ ಅಲ್ಲ. ಬೇಹುಗಾರರು ಪರಸ್ಪರ ಪರಿಚಯವಿಲ್ಲದೆ ಕೆಲಸ ಮಾಡಬೇಕು, ಮೂವರ ಮಾತು ಒಂದಾದರೆ ಮಾತ್ರ ನಂಬಬೇಕು ಎನ್ನುವುದು ಕೌಟಿಲ್ಯನೆಂಬ ಹೆಸರಲ್ಲಿ ಚಾಣಕ್ಯನೇ ಬರೆದನೆನ್ನಲಾದ ಅರ್ಥಶಾಸ್ತ್ರದ ನಿಯಮ.

ಆ ಗ್ರಂಥದ ನೆನಪಿನೊಂದಿಗೆ ಮೈಸೂರೂ ನೆನಪಾಗದೆ ಇರದು. ಕೆಂಪುನಾರಾಯಣ 1823ರಲ್ಲಿ ಮುದ್ರಾರಾಕ್ಷಸದ ಕತೆಯನ್ನು ‘ಮುದ್ರಾಮಂಜೂಷ’ವೆಂದು ಕನ್ನಡ ಗದ್ಯದಲ್ಲಿ ಬರೆದದ್ದು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಮೈಸೂರಿನಲ್ಲಿ. ಆಗ ಅರ್ಥಶಾಸ್ತ್ರ ಹೆಸರಿಗಷ್ಟೇ ಉಳಿದಿದ್ದ ಗ್ರಂಥ. ಎಂಬತ್ತೆರಡು ವರ್ಷಗಳ ಮೇಲೆ, 1905ರಲ್ಲಿ, ತಂಜಾವೂರು ಕಡೆಯ ಒಬ್ಬ ಪಂಡಿತರು ತಂದುಕೊಟ್ಟ ತಾಳೆಗರಿಯ ಪ್ರತಿ ಅದೇ ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಬಂತು. 1909ರಲ್ಲಿ ಅವರು ಅಚ್ಚು ಹಾಕಿಸಿದರು. ಆ ಪುಸ್ತಕದ ಮೊದಲ ಅಧಿಕರಣದಲ್ಲಿ ಗೂಢಪುರುಷರನ್ನು ಎಲ್ಲಿಂದ ಆಯಬೇಕೆಂದು ಹೇಳಿದ್ದನ್ನು ಓದಿ ನಾನು ಪುಸ್ತಕ ಮಡಚಿಟ್ಟಿದ್ದೆ. ಜೀವನೋಪಾಯ ಕಳೆದುಕೊಂಡ ರೈತ. ಬಂಡವಾಳ ಕರಗಿಹೋದ ವ್ಯಾಪಾರಿ. ಸನ್ಯಾಸದಿಂದ ಜಾರಿದವನು. ಬಂಧುಗಳಿಲ್ಲದ್ದರಿಂದ ಅರಸನೇ ಸಾಕಬೇಕಾದ ಅನಾಥ. ಅವನಿಗೆ ವಿದ್ಯೆ ಕಲಿಸಿ ತಯಾರು ಮಾಡಬೇಕು. ಕಣ್ಣಿಗೆ ಕಾಣುವ ಬದುಕು ಯಾರ ಕೈಬಿಟ್ಟಿದೆಯೋ ಅವರಿಗೆ ಕಾಣದ ಬದುಕೊಂದನ್ನು ಕೊಟ್ಟರೆ ಕಚ್ಚಿಕೊಂಡು ಹಿಡಿಯುತ್ತಾರೆ ಎನ್ನುವುದು ಕೌಟಿಲ್ಯನಿಗೆ ಗೊತ್ತಿತ್ತು. ನಾವು ಮೋಹಕವೆಂದುಕೊಂಡ ರಹಸ್ಯದ ಬುಡದಲ್ಲಿ ಇರುವುದು ಒಬ್ಬನ ದಿಕ್ಕೇಡಿತನ.

ವಿಶಾಖದತ್ತನೂ ಇದನ್ನು ಬಲ್ಲ. ಅದಕ್ಕೇ ಅವನ ನಾಟಕ ಬರೀ ಚಾತುರ್ಯದ ಯಂತ್ರವಲ್ಲ ಎಂದು ನಾನು ವಾದಿಸುತ್ತೇನೆ. ನಾಲ್ಕನೆಯ ಅಂಕದಲ್ಲಿ ಕರಭಕನೆಂಬ ಬೇಹುಗಾರ ಪಾಟಲಿಪುತ್ರದಿಂದ ದಾರಿ ಸವೆಸಿ ರಾಕ್ಷಸನ ಮುಂದೆ ಬಂದು ನಿಲ್ಲುತ್ತಾನೆ. ರಾಕ್ಷಸ ಅವನನ್ನು ನೋಡಿ ಮನಸ್ಸಿನಲ್ಲೇ ತಡಕಾಡುತ್ತಾನೆ: ಇವನನ್ನು ಯಾವ ಕೆಲಸಕ್ಕೆ ಕಳಿಸಿದ್ದೆ? ಹಚ್ಚಿಟ್ಟ ಕೆಲಸಗಳು ಅಷ್ಟು, ನೆನಪಾಗುವುದಿಲ್ಲ. ಓದುವವರು ಈ ಸಾಲನ್ನು ರಾಕ್ಷಸನ ಆಡಳಿತದ ಗಲಿಬಿಲಿಗೆ ಸಾಕ್ಷಿಯೆಂದು ದಾಟಿಹೋಗುತ್ತಾರೆ. ನನಗೆ ಇಡೀ ನಾಟಕದಲ್ಲಿ ಇದಕ್ಕಿಂತ ಭಯಂಕರವಾದದ್ದು ಇಲ್ಲ. ಜೀವ ಒತ್ತೆಯಿಟ್ಟು ನಡೆದುಬಂದವನ ಗುಟ್ಟಿನ ಕೆಲಸ ಕಳಿಸಿದವನಿಗೇ ಮರೆತುಹೋಗಿದೆ. ರಾಕ್ಷಸ ಕೆಟ್ಟವನಲ್ಲ, ತನ್ನವರಿಗಾಗಿ ಮರುಗುವವನೇ, ಆದರೂ ಮರೆತಿದ್ದಾನೆ. ನಮ್ಮೂರ ಆ ಮನುಷ್ಯ ಒಂದು ಮಳೆಗಾಲದಲ್ಲಿ ಪಾರ್ಸೆಲ್ ಕೋಣೆಯ ಗೋಡೆಗೆ ಒರಗಿದಲ್ಲೇ ತೀರಿಕೊಂಡ. ಒಳಜೇಬಿನಿಂದ ತೆಗೆದ ಕಟ್ಟುಗಳನ್ನು ಹಮಾಲಿಗಳು ಕಲ್ಲುಬೆಂಚಿನ ಮೇಲೆ ಸಾಲಾಗಿ ಇಟ್ಟಿದ್ದರು. ನಾನು ಸಾಯಂಕಾಲದವರೆಗೆ ನಿಂತು ನೋಡಿದೆ, ಯಾರಾದರೂ ಬಂದು ಕೇಳಬಹುದೆಂದು.

ಎರಡನೆಯ ಅಂಕದಲ್ಲಿ ಇನ್ನೊಂದು ಸಾವಿನ ಸುದ್ದಿ ಬರುತ್ತದೆ. ಚಂದ್ರಗುಪ್ತನನ್ನು ಮಲಗಿದಲ್ಲೇ ಮುಗಿಸಲು ರಾಕ್ಷಸ ಕಳಿಸಿದವರು ಅರಮನೆಯ ಗೋಡೆಯೊಳಗಿನ ಸುರಂಗದಲ್ಲಿ ಅಡಗಿದ್ದಾರೆ. ಚಾಣಕ್ಯ ಶಯನಗೃಹವನ್ನು ಪರೀಕ್ಷಿಸುವಾಗ ಗೋಡೆಯ ಒಂದು ಬಿರುಕಿನಿಂದ ಇರುವೆಗಳು ಸಾಲುಗಟ್ಟಿ ಬರುತ್ತಿವೆ, ಬಾಯಲ್ಲಿ ಅನ್ನದ ಅಗುಳು. ಒಳಗೆ ಉಣ್ಣುವವರಿದ್ದಾರೆ. ಮನೆಗೆ ಬೆಂಕಿ ಇಡಿಸುತ್ತಾನೆ. ಹೊಗೆಗೆ ಕಣ್ಣು ಕಾಣದೆ, ಮೊದಲೇ ಮುಚ್ಚಿದ ಬಾಗಿಲು ಸಿಗದೆ ಅಷ್ಟೂ ಜನ ಬೇಯುತ್ತಾರೆ. ಅಗುಳು ಹೊತ್ತ ಇರುವೆಯಲ್ಲಿ ಪತ್ತೇದಾರಿಕೆಯ ಸೊಗಸಿದೆ, ಒಪ್ಪುತ್ತೇನೆ. ಆದರೆ ಗೋಡೆಯೊಳಗೆ ಕೂತು ಬುತ್ತಿ ಬಿಚ್ಚಿದವರ ಊಟವೂ ಆ ಅಗುಳಿನಲ್ಲಿದೆ.

ಚಾಣಕ್ಯನ ಕಡೆಯವರಿಗೂ ನೆಮ್ಮದಿಯಿಲ್ಲ. ಮಲಯಕೇತುವಿನ ಆಪ್ತನಂತೆ ನಟಿಸುವ ಭಾಗುರಾಯಣ ಐದನೆಯ ಅಂಕದ ಮೊದಲಲ್ಲೇ ಕೊರಗುತ್ತಾನೆ: ನನ್ನನ್ನು ಇಷ್ಟು ಪ್ರೀತಿಸುವ ಹುಡುಗನಿಗೆ ನಾನು ಮೋಸ ಮಾಡಬೇಕಲ್ಲ. ಮರುಕ್ಷಣವೇ ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಾನೆ. ಮೈಯನ್ನು ಒಡೆಯನಿಗೆ ಮಾರಿಕೊಂಡವನಿಗೆ ಸರಿತಪ್ಪು ಯೋಚಿಸುವ ಹೊತ್ತು ದಾಟಿದೆ ಎಂದು. ಆಮೇಲೆ ತನ್ನ ಕೆಲಸಕ್ಕೆ ತೊಡಗುತ್ತಾನೆ, ಬಹಳ ಚೆನ್ನಾಗಿಯೇ ಮಾಡುತ್ತಾನೆ. ನಾಟಕದ ಅತ್ಯಂತ ಜೀವಂತ ಪಾತ್ರ ನನ್ನ ಮಟ್ಟಿಗೆ ಇವನೇ.

ಇಷ್ಟು ಹೇಳಿದ ಮೇಲೆ ಕವಿಯ ಮೇಲಿನ ನನ್ನ ಆಕ್ಷೇಪವನ್ನೂ ಹೇಳಬೇಕು. ಐದನೆಯ ಅಂಕದ ಕಟ್ಟು ಎಷ್ಟು ಬಿಗಿಯೋ ಅದರ ಮನಸ್ಸು ಅಷ್ಟೇ ಕಲ್ಲು. ಒಂದು ಸುಳ್ಳು ಪತ್ರ, ಒಂದು ಆಭರಣದ ಪೆಟ್ಟಿಗೆ ನಂಬಿ ಮಲಯಕೇತು ತನ್ನ ಐವರು ಮಿತ್ರರಾಜರನ್ನು ಕೊಲ್ಲಿಸುತ್ತಾನೆ. ಭೂಮಿ ಬಯಸಿದರೆನ್ನಲಾದ ಮೂವರನ್ನು ಗುಂಡಿಗೆ ತಳ್ಳಿ ಮಣ್ಣು ಮುಚ್ಚಿಸುತ್ತಾನೆ, ಆನೆ ಬಯಸಿದರೆನ್ನಲಾದ ಇಬ್ಬರನ್ನು ಆನೆಯಿಂದ ತುಳಿಸುತ್ತಾನೆ. ಅವರು ನಿರಪರಾಧಿಗಳು. ಆಮೇಲೆ ನಾಟಕ ಅವರಿಗಾಗಿ ಒಂದು ಉಸಿರನ್ನೂ ಬಿಡುವುದಿಲ್ಲ. ಮಲಯಕೇತುವಿನ ತಂದೆ ಪರ್ವತಕನನ್ನು ಕೊಂದ ವಿಷಕನ್ಯೆಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ; ಅವಳು ರಂಗಕ್ಕೆ ಬರುವುದಿಲ್ಲ, ಅವಳಿಗೊಂದು ಹೆಸರಿಲ್ಲ. ಎಳೆಗಳೆಲ್ಲ ಕೂಡಿಬರುವ ಆನಂದಕ್ಕೆ ಕವಿ ತಾನೂ ಸೋತಿದ್ದಾನೆ, ನಮ್ಮನ್ನೂ ಸೋಲಿಸುತ್ತಾನೆ.

ಚಂದನದಾಸನ ಹತ್ತಿರ ಬಂದಾಗ ಮಾತ್ರ ಅವನ ದನಿ ಬದಲಾಗುತ್ತದೆ. ಈ ವ್ಯಾಪಾರಿಗೆ ವೇಷವಿಲ್ಲ, ಯಾರೂ ಅವನನ್ನು ಎಲ್ಲಿಗೂ ಕಳಿಸಿಲ್ಲ. ಮೊದಲು ಹೆದರುತ್ತಾನೆ, ರಾಕ್ಷಸನ ಮನೆಯವರು ತನ್ನಲ್ಲಿಲ್ಲ ಎಂದು ತಡವರಿಸುತ್ತಾ ಸುಳ್ಳು ಹೇಳುತ್ತಾನೆ. ಬೇಹುಗಾರಿಕೆ ಅವನಿಗೆ ಬಾರದ ವಿದ್ಯೆ. ಚಾಣಕ್ಯ ಮೇಲೆ ಬಿದ್ದಾಗ ಸೆಟೆದು ನಿಲ್ಲುತ್ತಾನೆ: ಅವರು ನನ್ನ ಮನೆಯಲ್ಲಿದ್ದರೂ ಕೊಡುತ್ತಿರಲಿಲ್ಲ, ಇಲ್ಲದವರನ್ನು ಎಲ್ಲಿಂದ ಕೊಡಲಿ. ಏಳೂ ಅಂಕಗಳ ಜಾಲದಲ್ಲಿ ರಾಕ್ಷಸನನ್ನು ಕೊನೆಗೆ ಎಳೆದು ತರುವುದು ಈ ಗೆಳೆಯನ ಪ್ರಾಣವೇ. ಪತ್ರ, ಮುದ್ರೆ, ವೇಷಗಳೆಲ್ಲ ಸೇರಿ ರಾಕ್ಷಸನನ್ನು ಒಂಟಿ ಮಾಡಬಲ್ಲವು, ಶರಣಾಗಿಸಲಾರವು. ಆದರೆ ಆ ಸ್ನೇಹವನ್ನೂ ಚಾಣಕ್ಯ ಗಾಳಕ್ಕೆ ಸಿಕ್ಕಿಸಿ ಬಳಸುತ್ತಾನೆ. ಹಾಳು ತೋಟದಲ್ಲಿ ನೇಣಿನ ಹಗ್ಗ ಹಿಡಿದು, ಗೆಳೆಯನ ಸಾವಿನ ಸುದ್ದಿ ಕೇಳುವ ಮೊದಲೇ ಸಾಯುತ್ತೇನೆ ಎಂದು ಅಳುವವನೂ ಕಳಿಸಲ್ಪಟ್ಟವನೇ. ರಾಕ್ಷಸ ಅವನ ಕಣ್ಣೀರನ್ನು ನಂಬಿ ಚಂದನದಾಸನನ್ನು ಕೊಲ್ಲಲಿರುವ ಜಾಗಕ್ಕೆ ಧಾವಿಸುತ್ತಾನೆ.

ಏಳನೆಯ ಅಂಕದಲ್ಲಿ ಚಂದನದಾಸ ಶೂಲ ಹೊತ್ತು ಬರುತ್ತಾನೆ, ಹಿಂದೆ ಹೆಂಡತಿ, ಮಗ. ಅವನನ್ನು ನಡೆಸಿಕೊಂಡು ಬರುವ ಇಬ್ಬರು ವಧಕರು ಸಿದ್ಧಾರ್ಥಕ, ಸಮಿದ್ಧಾರ್ಥಕ, ಚಾಣಕ್ಯನ ಆಳುಗಳು. ಈ ವೇಷ ಅವರಿಗೆ ಇಷ್ಟವಿಲ್ಲ. ಚಾಣಕ್ಯನಿಗೆ ಈ ಕೆಲಸಕ್ಕೆ ಬೇರೆ ಯಾರೂ ಸಿಗಲಿಲ್ಲವೇ ಎಂದು ಹಿಂದಿನ ಅಂಕದಲ್ಲೇ ಒಬ್ಬ ಗೊಣಗಿದ್ದಾನೆ, ಬದುಕುವ ಆಸೆಯಿದ್ದವರು ಅವನ ಮಾತು ಮೀರುವುದುಂಟೇ ಎಂದು ಇನ್ನೊಬ್ಬ ಬಾಯಿ ಮುಚ್ಚಿಸಿದ್ದಾನೆ. ಅಪ್ಪನಿಲ್ಲದೆ ನಾನೇನು ಮಾಡಲಿ ಎಂದು ಹುಡುಗ ಕೇಳುತ್ತಾನೆ. ಚಾಣಕ್ಯನಿಲ್ಲದ ನಾಡು ಹುಡುಕಿ ಅಲ್ಲಿ ಬಾಳು ಎಂಬರ್ಥದ ಉತ್ತರ ಕೊಡುತ್ತಾನೆ ಅಪ್ಪ. ತಾಯಿ ಎದೆ ಬಡಿದುಕೊಳ್ಳುತ್ತಾಳೆ. ತಾವು ವಧಕರಲ್ಲವೆಂದು ಬಲ್ಲ ಆ ಇಬ್ಬರೂ ಹತ್ತಿರದಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡು, ಶೂಲ ನೆಟ್ಟಾಯಿತು ನಡಿ ಎಂದು ಅವಸರಪಡಿಸಬೇಕು. ಈ ಹೊತ್ತಿನಲ್ಲಿ ಅವರ ಮನಸ್ಸಿನಲ್ಲೇನಿತ್ತೆಂದು ಹೇಳಲು ವಿಶಾಖದತ್ತ ಒಂದು ಸಾಲನ್ನೂ ಬರೆದಿಲ್ಲ. ಕನ್ನಡದ ನಿರ್ದೇಶಕರು ಯಾರಾದರೂ ಈ ನಾಟಕವನ್ನು ಮತ್ತೆ ಎತ್ತಿಕೊಂಡರೆ ದೀಪವನ್ನು ಚಂದನದಾಸನ ಮೇಲೆ ಬಿಡಲಿ, ಸರಿಯೇ. ನಾನು ಮಾತ್ರ ಕತ್ತಲಲ್ಲಿ ನಿಂತ ಆ ಇಬ್ಬರ ಮುಖ ನೋಡುತ್ತಾ ಕೂತಿರುತ್ತೇನೆ.