ಬಾಗಿದ ಕತ್ತು, ಚಿನ್ನದ ಅಂಚು

ಹಕ್ಕಿಚಿತ್ರಕಾರ ಆಡುಬಾನ್‌ನ ‘ಬರ್ಡ್ಸ್ ಆಫ್ ಅಮೆರಿಕ’ದ ಯಥಾಪ್ರತಿಗಳನ್ನು ಸಂಗ್ರಹಿಸುವವರು ಮೊದಲು ಹೊಗಳುವುದು ರಟ್ಟನ್ನು: ತೊಗಲಿನ ಹೊದಿಕೆ, ಉಬ್ಬುಪಟ್ಟಿಯ ಬೆನ್ನು, ಚಿನ್ನ ಬಳಿದ ಅಂಚು. ವಿಮರ್ಶಕರೂ ಅದೇ ರಾಗ ಎಳೆಯುತ್ತಾರೆ. ಈ ಹೊಗಳಿಕೆಗೆ ಕೃತಿಯಲ್ಲೇ ಆಧಾರವಿಲ್ಲ. 1827ರಿಂದ 1838ರವರೆಗೆ ಚಂದಾದಾರರ ಕೈಸೇರಿದ್ದು ಬಿಡಿ ಹಾಳೆಗಳು. ಐದೈದು ಚಿತ್ರಗಳ 87 ಕಂತು, ಒಟ್ಟು 435. ರಟ್ಟು ಕಟ್ಟಿಸಿಕೊಂಡವರು ತಮ್ಮ ತಮ್ಮ ಅಭಿರುಚಿಯಂತೆ ಕಟ್ಟಿಸಿಕೊಂಡರು.

ಆಡುಬಾನ್ ಹಠ ಹಿಡಿದದ್ದು ಬೇರೆಯದಕ್ಕೆ. ಹಕ್ಕಿ ಎಷ್ಟು ದೊಡ್ಡದೋ ಅಷ್ಟೇ ದೊಡ್ಡದಾಗಿ ಹಾಳೆಗೆ ಇಳಿಯಬೇಕು. ಸುಮಾರು ಒಂದು ಮೀಟರ್ ಎತ್ತರದ ‘ಡಬಲ್ ಎಲಿಫೆಂಟ್’ ಕಾಗದ ಬೇಕಾದದ್ದು ಅದಕ್ಕೇ. 431ನೆಯ ಚಿತ್ರವನ್ನೇ ನೋಡಿ, ಅಮೆರಿಕದ ಫ್ಲೆಮಿಂಗೊ, ನಮ್ಮ ರಾಜಹಂಸದ ಬಳಗದ್ದು. ಕತ್ತೆತ್ತಿ ನಿಂತರೆ ಅಷ್ಟು ದೊಡ್ಡ ಹಾಳೆಯೂ ಅದಕ್ಕೆ ಸಾಲದು. ಹಾಗಾಗಿ ಆ ಉದ್ದನೆಯ ಕತ್ತು ಎದೆಯಿಂದ ಹೊರಟು ಬಳುಕಿ ನೆಲದತ್ತ ಇಳಿಯುತ್ತದೆ. ಮೇಲೆ ತೆರವಾದ ಜಾಗದಲ್ಲಿ ಕೊಕ್ಕು, ನಾಲಗೆ, ಪಾದಗಳ ರೇಖೆಗಳು. ತಲೆ ತಗ್ಗಿಸಿ ಕೆಸರುನೀರು ಸೋಸಿ ತಿನ್ನುವುದು ಈ ಹಕ್ಕಿಯ ಅಭ್ಯಾಸವೂ ಹೌದು. ಕಾಗದದ ಇಕ್ಕಟ್ಟು, ಹಕ್ಕಿಯ ಬದುಕು ಎರಡೂ ಒಂದೇ ಗೆರೆಯಲ್ಲಿ ಕೂಡಿಕೊಂಡಿವೆ. ಇಡೀ ಕೃತಿಯಲ್ಲಿ ನಾನು ಮತ್ತೆ ಮತ್ತೆ ಮರಳುವ ಗೆರೆ ಇದು.

ಇದನ್ನು ಕಾಲುಭಾಗಕ್ಕೆ ಕುಗ್ಗಿಸಿ ತೊಗಲಿನಲ್ಲಿ ಕಟ್ಟಿದರೆ ಇಕ್ಕಟ್ಟು ಕಾಣುವುದೇ ಇಲ್ಲ. ಬರೀ ಒಯ್ಯಾರ ಉಳಿಯುತ್ತದೆ. ಪ್ರತಿ ಕಂತಿನಲ್ಲೂ ದೊಡ್ಡ ಚಿತ್ರ ಒಂದು, ನಡುಗಾತ್ರದ್ದು ಒಂದು, ಚಿಕ್ಕವು ಮೂರು ಇರುತ್ತಿದ್ದವು. ಚಿಕ್ಕ ಹಕ್ಕಿಯ ಸುತ್ತ ಬಿಳಿ ಕಾಗದ ಬಯಲಿನಂತೆ ಹರಡಿರುತ್ತಿತ್ತು. ಕಿರುಪ್ರತಿಗಳು ಎಷ್ಟೋ ಸಲ ಆ ಬಯಲನ್ನೇ ಕತ್ತರಿಸಿ, ಗುಬ್ಬಿಯನ್ನೂ ರಾಜಹಂಸವನ್ನೂ ಒಂದೇ ಅಳತೆಗೆ ತಂದು ಕೂರಿಸುತ್ತವೆ.

‘ಗಾತ್ರ ಹೋದರೆ ಹೋಗಲಿ, ಬಣ್ಣ ಮೂಲದಂತಿದ್ದರೆ ಸಾಕು’ ಎನ್ನುವ ವಿಮರ್ಶಕರಿದ್ದಾರೆ. ಯಾವ ಮೂಲ? ಲಂಡನ್ನಿನಲ್ಲಿ ರಾಬರ್ಟ್ ಹ್ಯಾವೆಲ್‌ನ ಕಾರ್ಯಾಗಾರದಲ್ಲಿ ತಾಮ್ರದ ತಗಡಿನಿಂದ ಅಚ್ಚಾದ ಹಾಳೆಗಳಿಗೆ ಹಲವು ಕೈಗಳು ಬಣ್ಣ ಹಚ್ಚಿದವು. ಒಂದು ಪ್ರತಿಯ ಗುಲಾಬಿ ಇನ್ನೊಂದರದ್ದಲ್ಲ. ಯಥಾಪ್ರತಿ ನಿಷ್ಠವಾಗಿರುವುದು ತಾನು ಆರಿಸಿಕೊಂಡ ಒಂದೇ ಪ್ರತಿಗೆ, ಅದೂ ನೂರೈವತ್ತಕ್ಕೂ ಹೆಚ್ಚು ವರ್ಷ ಮಾಗಿದ ಅದರ ಇಂದಿನ ಬಣ್ಣಕ್ಕೆ. ಇಷ್ಟನ್ನೂ ಹೇಳದೆ ‘ಬಣ್ಣನಿಷ್ಠೆ’ ಎಂದು ಬರೆಯುವುದು ಓದುಗರಿಗೆ ಮಾಡುವ ಅನ್ಯಾಯ. ಬಣ್ಣದ ಬಗ್ಗೆ ಇಷ್ಟು ಜಗಳವಾಡುವವರು ಕಾಗದದ ಮೈಯನ್ನು ಮುಟ್ಟಿ ನೋಡಿದಂತಿಲ್ಲ. ತಗಡಿನ ಅಂಚು ಒತ್ತಿದ ತಗ್ಗು ಆಫ್‌ಸೆಟ್ ಹಾಳೆಯಲ್ಲಿ ಬೆರಳಿಗೆ ಸಿಗುವುದಿಲ್ಲ.

1970ರ ದಶಕದ ಆರಂಭದಲ್ಲಿ ಆಮ್‌ಸ್ಟರ್‌ಡ್ಯಾಮಿನಿಂದ ಬಂದ 250 ಪ್ರತಿಗಳ ಆವೃತ್ತಿಯ ಬಗ್ಗೆ ನನಗೆ ಗೌರವವಿದೆ. ಹಾರ್ಲೆಮಿನ ಟೇಲರ್ಸ್ ಮ್ಯೂಸಿಯಮ್ಮಿನ ಪ್ರತಿಯನ್ನು ಆಧರಿಸಿದ ಅದು ಮೂಲದ ಗಾತ್ರವನ್ನು ಬಿಟ್ಟುಕೊಡಲಿಲ್ಲ. ಆದರೆ ಅಂಥದ್ದನ್ನೂ ರಟ್ಟು ಕಟ್ಟಿಸಿದರೆ ಎತ್ತಲು ಇಬ್ಬರು ಬೇಕು, ಬಿಡಿಸಲು ದೊಡ್ಡ ಮೇಜು ಬೇಕು. ಕೊನೆಗೆ ಅದು ಮುಚ್ಚಿಯೇ ಇರುತ್ತದೆ. ಪ್ರಕಾಶಕರು ತೊಗಲಿಗೆ ಸುರಿಯುವ ಹಣವನ್ನು ಕಾಗದಕ್ಕೆ ಹಾಕಲಿ. ಹಾಳೆಗಳನ್ನು ಬಿಡಿಯಾಗಿಯೇ ಪೆಟ್ಟಿಗೆಯಲ್ಲಿಟ್ಟು ಕೊಡಲಿ. 431ನೆಯದನ್ನು ಗೋಡೆಗೆ ಒರಗಿಸಿ ಎದುರು ನಿಂತವರಿಗೆ, ಆ ಕತ್ತು ಯಾಕೆ ಬಾಗಿದೆಯೆಂದು ಯಾರೂ ಹೇಳಿಕೊಡಬೇಕಿಲ್ಲ.