ಪೆಟ್ಟಿಗೆಯೊಳಗಿನ ದೋಣಿ

ಪುಸ್ತಕಕ್ಕೆ ವಿಮರ್ಶೆ ಇದೆ, ನಾಟಕಕ್ಕೆ ಇದೆ, ಸಿನಿಮಾಕ್ಕಂತೂ ಬೇಕಾದಷ್ಟಿದೆ. ಮಕ್ಕಳ ಕೈಗೆ ಕೊಡುವ ಜೋಡಣೆಯ ಸಾಮಾನಿಗೆ ಮಾತ್ರ ವಿಮರ್ಶೆ ಬರೆದವರನ್ನು ನಾನು ಕಂಡಿಲ್ಲ. ಅದೂ ಒಂದು ಕೃತಿಯೇ ಅಲ್ಲವೇ? ಅದನ್ನು ಯೋಚಿಸಿದ ಒಬ್ಬ ಕರ್ತೃ ಇರುತ್ತಾನೆ, ಓದುಗನ ಜಾಗದಲ್ಲಿ ಜೋಡಿಸುವವನು ಇರುತ್ತಾನೆ, ನಡುವೆ ಹೇಳಿದ್ದು, ಹೇಳದೆ ಬಿಟ್ಟದ್ದು ಎಲ್ಲ ಇರುತ್ತದೆ. ಇಪ್ಪತ್ತೆಂಟು ವರ್ಷ ಕನ್ನಡ ಪಾಠ ಹೇಳಿದವಳಿಗೆ ಯಾವುದನ್ನು ಕೊಟ್ಟರೂ ಓದುವ ಚಟ. ಹಾಗಾಗಿ ಮರದ ಒಂದು ಮೀನುದೋಣಿಯ ಕಿಟ್ಟನ್ನು ನಾನು ಎರಡು ಬೇಸಿಗೆ ರಜೆ ಹಿಡಿದು ಓದಿದ್ದೇನೆ.

ಇಂಥ ಕಿಟ್ಟುಗಳನ್ನು ಡೆನ್ಮಾರ್ಕ್, ಸ್ಪೇನ್, ಇಟಲಿ ದೇಶಗಳ ಕಂಪನಿಗಳು ಮಾಡಿ ಮಾರುತ್ತವೆ. ಆ ಕಡೆ ನೌಕರಿಯಲ್ಲಿರುವ ನನ್ನ ತಂಗಿಯ ಮಗ ಊರಿಗೆ ಬಂದಾಗ ಒಂದನ್ನು ತಂದ. "ದೊಡ್ಡವ್ವ, ನಿನಗ ಸೀರಿ ತರೋದಕ್ಕಿಂತ ಇದು ಛಲೋ ಅನಿಸ್ತು" ಅಂದ. ಪೆಟ್ಟಿಗೆಯ ಮೇಲೆ ಉತ್ತರ ಸಮುದ್ರದಲ್ಲಿ ಮೀನು ಹಿಡಿಯುವ ಮರದ ದೋಣಿಯ ಚಿತ್ರ. ಒಳಗೆ ಪ್ಲೈವುಡ್ಡಿನಲ್ಲಿ ಲೇಸರಿನಿಂದ ಕೊರೆದ ಹಲಗೆಗಳು, ತೆಳ್ಳಗಿನ ಮರದ ಪಟ್ಟಿಗಳ ಕಟ್ಟು, ಹಿತ್ತಾಳೆಯ ಸಣ್ಣ ಮೊಳೆ, ನೂಲು, ನಕ್ಷೆ, ಚಿತ್ರಗಳಿರುವ ಒಂದು ಕೈಪಿಡಿ. ಅಂಟು ಮಾತ್ರ ನಾವೇ ತರಬೇಕು. ಅಫಜಲಪುರದ ಅಂಗಡಿಯಲ್ಲಿ ಫೆವಿಕಾಲ್ ಸಿಗುತ್ತದೆ, ತೊಂದರೆಯಾಗಲಿಲ್ಲ.

ಮೊದಲ ಭಾಗ ನನಗೆ ರುಚಿಸಲಿಲ್ಲ. ದೋಣಿಗೆ ಬೆನ್ನೆಲುಬಿನಂಥ ಒಂದು ಅಡಿಮರ. ಅದರಲ್ಲಿ ಗಾಡಿ ಮಾಡಿರುತ್ತಾರೆ. ಪಕ್ಕೆಲುಬಿನಂಥ ಅಡ್ಡ ಹಲಗೆಗಳನ್ನು ಒಂದೊಂದಾಗಿ ಆ ಗಾಡಿಯಲ್ಲಿ ಕೂರಿಸಬೇಕು. ಎಲ್ಲದಕ್ಕೂ ನಂಬರು. ಏಳನೆಯದನ್ನು ಏಳರಲ್ಲಿ, ಎಂಟನೆಯದನ್ನು ಎಂಟರಲ್ಲಿ. ನಮ್ಮ ಪೇಟೆಯಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಮಾರುವ ಗೈಡುಗಳು ನೆನಪಾದವು. ಪ್ರಶ್ನೆಯೂ ಅವರದೇ, ಉತ್ತರವೂ ಅವರದೇ. ಮಗು ನಡುವೆ ಗೆರೆ ಹಾಕಬೇಕು, ಅಷ್ಟೆ. ಇಲ್ಲಿ ಕೈ ಕೆಲಸ ಮಾಡುತ್ತದೆ, ತಲೆ ನಿದ್ದೆ ಮಾಡುತ್ತದೆ.

ಎರಡನೆಯ ಭಾಗಕ್ಕೆ ಬಂದಾಗ ಕೈಪಿಡಿ ಇದ್ದಕ್ಕಿದ್ದಂತೆ ಮಾತು ಕಡಿಮೆ ಮಾಡುತ್ತದೆ. ಪಕ್ಕೆಲುಬುಗಳ ಮೇಲೆ ಪಟ್ಟಿಗಳನ್ನು ಹೊದಿಸಬೇಕು ಎಂದಷ್ಟೇ ಹೇಳಿ ಒಂದು ಚಿತ್ರ ಕೊಡುತ್ತದೆ. ಆದರೆ ದೋಣಿ ನಡುವೆ ದುಂಡಗೆ ಉಬ್ಬಿ ಎರಡು ತುದಿಗೂ ಸಪೂರಾಗುತ್ತದೆ. ಪಟ್ಟಿಯೋ ಉದ್ದಕ್ಕೂ ಒಂದೇ ಅಗಲ. ಹಾಗಿದ್ದ ಮೇಲೆ ಮೂತಿಯ ಕಡೆ ಪಟ್ಟಿಯನ್ನು ಕೆತ್ತಿ ಸಣ್ಣ ಮಾಡಬೇಕು, ಹಿಂದುಗಡೆ ತೆರೆದುಕೊಳ್ಳುವ ಸಂದಿಗೆ ಮೊನಚು ತುಂಡು ಸೇರಿಸಬೇಕು. ಪಕ್ಕೆಲುಬಿನ ಅಂಚನ್ನು ಓರೆಯಾಗಿ ಉಜ್ಜದಿದ್ದರೆ ಪಟ್ಟಿ ಅದರ ಮೇಲೆ ಕೂರುವುದಿಲ್ಲ. ಎಡಕ್ಕೊಂದು ಬಲಕ್ಕೊಂದು ಹಚ್ಚುತ್ತ ಹೋಗಬೇಕು. ಒಂದೇ ಕಡೆ ಹಚ್ಚಿದರೆ ಬೆನ್ನೆಲುಬೇ ಸೊಟ್ಟಗಾಗುತ್ತದೆ.

ನಮ್ಮ ಓಣಿಯ ಬಡಿಗೇರ ಅಜ್ಜ ಒಂದು ಸಂಜೆ ಬಂದು ಪಟ್ಟಿಯನ್ನು ಬೆರಳಲ್ಲಿ ಬಗ್ಗಿಸಿ ನೋಡಿ, "ಅಕ್ಕೋರ, ಕಟ್ಟಿಗಿನ್ನ ಕೇಳ್ರಿ, ಹಾಳಿನ್ನ ಏನ್ ಕೇಳ್ತೀರಿ. ಬಿಸಿನೀರಾಗ ಹಾಕ್ರಿ, ಅದ ಹೇಳ್ತದ" ಅಂದರು. ಹಾಗೇ ಆಯಿತು. ನೆನೆದ ಪಟ್ಟಿ ಎಷ್ಟು ಬಾಗುತ್ತದೆ, ಎಲ್ಲಿ ಚಟ್ಟೆಂದು ಮುರಿಯುತ್ತದೆ ಎಂಬುದು ಬೆರಳಿಗೇ ಗೊತ್ತಾಗತೊಡಗಿತು. ಈ ಕಿಟ್ಟಿನಲ್ಲಿ ಓದಲು ಯೋಗ್ಯವಾದ ಅಧ್ಯಾಯವೆಂದರೆ ಇದೇ. ಇಲ್ಲಿ ಲೇಸರು ಮಾಡಿಕೊಟ್ಟದ್ದು ಏನೂ ಇಲ್ಲ. ಯಂತ್ರ ನಿಂತಲ್ಲಿ ಮನುಷ್ಯ ಶುರುವಾಗುತ್ತಾನೆ. ಒಳ್ಳೆಯ ಪಾಠಪುಸ್ತಕವೂ ಹೀಗೇ ಒಂದು ಕಡೆ ಸುಮ್ಮನಾಗಿ ಮಗುವಿಗೆ ಜಾಗ ಬಿಡಬೇಕು.

ಇನ್ನು ದೋಷದ ಮಾತು. ಮೂರನೆಯ ಭಾಗದಲ್ಲಿ ಬಣ್ಣ, ಹಗ್ಗ, ಬಲೆ ಎಳೆಯುವ ಯಂತ್ರ, ಮೀನಿನ ಪುಟ್ಟ ಪೆಟ್ಟಿಗೆ ಎಲ್ಲ ಬರುತ್ತವೆ. ನೋಡಲು ಚೆಂದ. ಆದರೆ ಇಡೀ ಕೈಪಿಡಿಯಲ್ಲಿ ಒಂದು 'ಯಾಕೆ' ಇಲ್ಲ. ಮೂತಿ ಯಾಕೆ ಅಷ್ಟು ಎತ್ತರ? ಹಿಂಭಾಗ ಯಾಕೆ ದುಂಡಗೆ? ಈ ದೋಣಿ ಹಿಡಿದದ್ದು ಯಾವ ಮೀನು, ಎಷ್ಟು ಜನ ಇದರಲ್ಲಿ ಮಲಗಿ ಎದ್ದರು, ಕಟ್ಟಿದವನು ಯಾರು? ಮಿಲಿಮೀಟರಿನಲ್ಲಿ ಅಳತೆ ಇದೆ, ಕಾರಣ ಇಲ್ಲ. ಕೊನೆಯ ಪುಟದಲ್ಲಿ ಇದು ಪ್ರದರ್ಶನಕ್ಕೆ ಮಾತ್ರ ಎಂಬ ಸೂಚನೆ. ಏಳನೆಯ ಇಯತ್ತೆಯ ಒಬ್ಬ ಹುಡುಗ, ಭೀಮಾ ದಂಡೆಯ ಅಂಬಿಗರ ಮನೆಯವನು, ಬಹಳ ಹೊತ್ತು ನೋಡಿ ಕೇಳಿದ: "ಅಕ್ಕೋರ, ನೀರಿಗಿ ಬಿಡಂಗಿಲ್ಲ ಅಂದ್ರ ಇದು ದೋಣಿ ಹ್ಯಾಂಗ್ ಆಯ್ತದ್ರಿ?" ನಾನು ಒಂದು ಪುಟದಲ್ಲಿ ಬರೆಯುವ ವಿಮರ್ಶೆಯನ್ನು ಅವನು ಒಂದು ಸಾಲಿನಲ್ಲಿ ಮುಗಿಸಿದ.

ಅವನ ಮನೆಯ ಹರಿಗೋಲಿನಲ್ಲಿ ಕಾರಣವಿಲ್ಲದ ಒಂದು ಎಳೆಯೂ ಇಲ್ಲ. ಬಿದಿರ ಸೀಳಿನ ಬುಟ್ಟಿ, ದಪ್ಪ ಅಂಚು, ಹೊರಗೆ ಹಿಂದೆ ಎತ್ತಿನ ಚರ್ಮ, ಈಗ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು. ಅಡಿ ಚಪ್ಪಟೆ, ಯಾಕೆಂದರೆ ಬೇಸಿಗೆಯಲ್ಲಿ ನದಿ ತೆಳ್ಳಗಾಗಿ ಬಂಡೆ ಮೇಲೆ ಬರುತ್ತದೆ, ಆಳಕ್ಕೆ ಇಳಿಯುವ ದೋಣಿಗೆ ಅಲ್ಲಿ ದಾರಿ ಇಲ್ಲ. ಹಗುರ, ಯಾಕೆಂದರೆ ಸಂಜೆ ಒಬ್ಬನೇ ತಲೆಯ ಮೇಲೆ ಹೊತ್ತು ಮನೆಗೆ ಒಯ್ಯಬೇಕು. ದುಂಡಗಿರುವುದರಿಂದ ತಿರುಗುತ್ತದೆ, ಅದಕ್ಕೇ ಹುಟ್ಟನ್ನು ಪಕ್ಕಕ್ಕಲ್ಲ, ಮುಂದಕ್ಕೆ ಹಾಕಿ ನೀರನ್ನು ತನ್ನ ಕಡೆ ಎಳೆದುಕೊಳ್ಳಬೇಕು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ ಡೊಮಿಂಗೊ ಪಾಯಸ್, ತುಂಗಭದ್ರೆಯಲ್ಲಿ ಚರ್ಮ ಹೊದಿಸಿದ ಬುಟ್ಟಿಯಂಥ ದೋಣಿಗಳು ಹದಿನೈದು ಇಪ್ಪತ್ತು ಜನರನ್ನು ದಾಟಿಸುವುದನ್ನೂ ಅವು ತಿರುಗುತ್ತ ಹೋಗುವುದನ್ನೂ ಬರೆದಿಟ್ಟಿದ್ದಾನೆ. ಐದುನೂರು ವರ್ಷದಿಂದ ಆಕಾರ ಬದಲಾಗಿಲ್ಲವೆಂದರೆ ಅದು ಹಿಂದುಳಿದದ್ದಲ್ಲ, ಲೆಕ್ಕ ಸರಿಯಾಗಿದೆ ಎಂದು ಅರ್ಥ.

ಹಾಗಾದರೆ ನಮ್ಮದೇ ಹೆಚ್ಚು, ಪರದೇಶದ್ದು ಕಡಿಮೆ ಎಂದು ಮುಗಿಸಿಬಿಡಬಹುದಿತ್ತು. ಅದು ಸುಲಭದ ಮಾತು, ನ್ಯಾಯದ ಮಾತಲ್ಲ. ಆ ಕಿಟ್ಟಿನಲ್ಲಿ ಇರುವುದೊಂದು ನಮ್ಮಲ್ಲಿ ಇಲ್ಲ. ಅದು ಅಳತೆ. 1930ರ ದಶಕದಲ್ಲಿ ಬ್ರಿಟನ್ನಿನಲ್ಲಿ ಫಿಲಿಪ್ ಓಕ್ ಎಂಬಾತ ಕರಾವಳಿ ಸುತ್ತಿ, ಮರೆಯಾಗುತ್ತಿದ್ದ ದೋಣಿಗಳನ್ನು ಅಳೆದು ನಕ್ಷೆ ಬರೆದ. ಆ ನಕ್ಷೆಗಳು ಅಲ್ಲಿಯ ರಾಷ್ಟ್ರೀಯ ನೌಕಾ ಸಂಗ್ರಹಾಲಯದಲ್ಲಿವೆ. 1990ರ ದಶಕದಲ್ಲಿ ಅದೇ ದೇಶದಲ್ಲಿ ಮೀನುದೋಣಿಗಳ ಸಂಖ್ಯೆ ಇಳಿಸಲು ಸರಕಾರ ಹಣ ಕೊಟ್ಟಾಗ ಎಷ್ಟೋ ಮರದ ದೋಣಿಗಳನ್ನು ಒಡೆದು ಹಾಕಿದರು. ದೋಣಿ ಹೋದರೂ ಅಳೆದಿಟ್ಟ ದೋಣಿ ಕಾಗದದ ಮೇಲಾದರೂ ಉಳಿಯುತ್ತದೆ. ನಮ್ಮ ದೇಶದ ದೋಣಿಗಳ ಬಗ್ಗೆ 1920ರಲ್ಲಿ ದೊಡ್ಡ ಪ್ರಬಂಧ ಪ್ರಕಟಿಸಿದವರು ಕೂಡ ಮದ್ರಾಸಿನ ಮೀನುಗಾರಿಕೆ ಇಲಾಖೆಯ ನಿರ್ದೇಶಕರಾಗಿದ್ದ ಜೇಮ್ಸ್ ಹಾರ್ನೆಲ್ ಎಂಬ ಆಂಗ್ಲರೇ.

ನಮ್ಮ ಭೀಮೆಯೂ ಬದಲಾಗಿದೆ. ಮೇಲೆ ಮಹಾರಾಷ್ಟ್ರದಲ್ಲಿ ಉಜನಿ ಅಣೆಕಟ್ಟು, ನಮ್ಮದೇ ತಾಲೂಕಿನಲ್ಲಿ ಸೊನ್ನ ಬ್ಯಾರೇಜು. ದಾಟಲು ಸೇತುವೆಗಳಾದವು. ಒಳ್ಳೆಯದೇ ಆಯಿತು, ಹೆರಿಗೆಯ ಹೆಂಗಸನ್ನು ಹರಿಗೋಲಿನಲ್ಲಿ ಒಯ್ಯುವ ಕಷ್ಟ ಯಾರಿಗೂ ಬೇಡ. 2020ರ ಅಕ್ಟೋಬರಿನಲ್ಲಿ ಹೊಳೆ ಉಕ್ಕಿ ಅಫಜಲಪುರ, ಜೇವರ್ಗಿ ತಾಲೂಕಿನ ಊರುಗಳಿಗೆ ನುಗ್ಗಿದಾಗ ಮನೆ ಸಾಮಾನಿನ ಜೊತೆ ಹರಿಗೋಲುಗಳೂ ಹೋದವೆಂದು ಮಕ್ಕಳು ಹೇಳಿದರು. ಹೊಸದು ಹೆಣೆಯಬಲ್ಲ ಕೈಗಳಿಗೆ ವಯಸ್ಸಾಗಿದೆ. ಎಷ್ಟು ಸೀಳು, ಎಷ್ಟು ಗೇಣಿಗೆ ಒಂದು ಗಂಟು ಎಂಬುದು ಆ ಕೈಗಳಲ್ಲಿ ಮಾತ್ರ ಇದೆ. ಅವು ಹೋದ ದಿನ ನಮಗೆ ಒಡೆಯಲೂ ದೋಣಿ ಇರುವುದಿಲ್ಲ, ನೋಡಲು ನಕ್ಷೆಯೂ ಇರುವುದಿಲ್ಲ.

ಇದು ಶಾಲೆಯ ಕೆಲಸವಾಗಬೇಕಿತ್ತು. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಮೂಲಶಿಕ್ಷಣದ ಮಾತು ಎತ್ತಿದಾಗ ಕೈಕಸುಬಿನ ಮೂಲಕವೇ ಓದು ನಡೆಯಲಿ ಎಂದರು. 1964-66ರ ಕೊಠಾರಿ ಆಯೋಗ ಕಾರ್ಯಾನುಭವ ಎಂದಿತು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಸಮಾಜೋಪಯೋಗಿ ಉತ್ಪಾದಕ ಕಾರ್ಯ ಎಂದು ಹೆಸರಿಟ್ಟಿತು. ಹೆಸರು ಉದ್ದವಾಗುತ್ತ ಹೋಯಿತು, ಕೆಲಸ ಗಿಡ್ಡವಾಗುತ್ತ ಬಂತು. ಕೆಲವು ವರ್ಷದ ಹಿಂದೆ ಒಂದು ವಸ್ತುಪ್ರದರ್ಶನಕ್ಕೆ ನಮ್ಮ ಮಕ್ಕಳು ತಾವೇ ಹೆಣೆದ ಮೊಳದಗಲದ ಹರಿಗೋಲು ಒಯ್ದಿದ್ದರು. "ಇದು ಮಾಡೆಲ್ ಅಲ್ಲ, ಬುಟ್ಟಿ" ಎಂದು ನಿರ್ಣಾಯಕರು ಮೇಜಿನ ಕೆಳಗೆ ಇಡಿಸಿದರು. ಬಹುಮಾನ ಅಂಗಡಿಯಿಂದ ತಂದು ಜೋಡಿಸಿದ ಹಡಗಿಗೆ ಹೋಯಿತು. ಅಂಗಡಿಯಿಂದ ತಂದದ್ದೆಂದು ನಾನು ಅದನ್ನು ಹಳಿಯುವುದಿಲ್ಲ, ಅದನ್ನು ಜೋಡಿಸಿದ ಹುಡುಗಿಯೂ ಶ್ರಮಪಟ್ಟಿದ್ದಳು. ಆದರೆ ಎರಡನ್ನೂ ಒಂದೇ ಮೇಜಿನ ಮೇಲೆ ಇಟ್ಟು, ಇಬ್ಬರನ್ನೂ 'ಇದು ಯಾಕೆ ಹೀಗಿದೆ' ಎಂದು ಕೇಳಿದ್ದರೆ ಯಾರಿಗೆ ಹೆಚ್ಚು ಗೊತ್ತಿದೆ ಎಂದು ಎಲ್ಲರಿಗೂ ತಿಳಿಯುತ್ತಿತ್ತು.

ವಿಮರ್ಶೆಯೆಂದರೆ ದೋಷ ಎಣಿಸಿ ಎದ್ದು ಹೋಗುವುದಲ್ಲ, ಹೀಗಿದ್ದರೆ ಚೆನ್ನಾಗಿತ್ತು ಎಂದೂ ಹೇಳಬೇಕು. ಭೀಮೆಯ ಹರಿಗೋಲಿಗೆ ಒಂದು ಕಿಟ್ಟು ಆಗಲಿ. ಅದರಲ್ಲಿ ಎಣಿಸಿದ ಬಿದಿರ ಸೀಳು, ದಾರ, ಮೇಲೆ ಹೊದಿಸುವ ಬಟ್ಟೆ ಇರಲಿ. ಪರದೇಶದ ಕಿಟ್ಟಿನಿಂದ ಅಳತೆಯ ಶಿಸ್ತನ್ನು ತೆಗೆದುಕೊಳ್ಳೋಣ, ನಕ್ಷೆ ಸರಿಯಾಗಿರಲಿ. ಆದರೆ ಒಂದು ಪುಟದ ತುಂಬ 'ಯಾಕೆ'ಗಳಿರಲಿ. ಇನ್ನೊಂದು ಪುಟ ಖಾಲಿ ಇರಲಿ, ಮಗು ತನ್ನೂರಿನ ಹಿರಿಯ ಅಂಬಿಗನನ್ನು ಕೇಳಿ ಬಂದು ಅದನ್ನು ತುಂಬಲಿ, ಹೇಳಿದವರ ಹೆಸರನ್ನೂ ಬರೆಯಲಿ. ಇಷ್ಟಕ್ಕೆ ಲೇಸರು ಬೇಡ, ಅನುದಾನವೂ ಹೆಚ್ಚು ಬೇಡ. ಒಂದು ಅಳತೆಪಟ್ಟಿ, ಒಂದು ನೋಟುಬುಕ್ಕು, ಈ ಬೇಸಿಗೆಯ ಕೆಲವು ದಿನ ಸಾಕು. ಕೈಪಿಡಿಯ ಕೊನೆಯ ಸೂಚನೆಯನ್ನು ನಾನೇ ಬರೆದುಕೊಡುತ್ತೇನೆ: ಆದ ಮೇಲೆ ನೀರಿಗೆ ಬಿಟ್ಟು ನೋಡಿ, ಮುಳುಗಿದರೆ ಬಿಚ್ಚಿ ಮತ್ತೆ ಹೆಣೆಯಿರಿ.