ಆಲಿಸ್ ಕೋಲ್ಟ್ರೇನ್ ಓಡಿಹೋಗಲಿಲ್ಲ

ಕಪ್ಪು ಜನರ ನಾಳೆಯನ್ನು ಕಲೆಯಲ್ಲಿ ಕಲ್ಪಿಸುವ ಆಫ್ರೋಫ್ಯೂಚರಿಸಂ ಬಗ್ಗೆ ಯಾರು ಬರೆದರೂ ಅದೇ ವಂಶಾವಳಿ. ಸಂಗೀತದಲ್ಲಿ ಮೂಲಪುರುಷ ಸನ್ ರಾ, ಆಮೇಲೆ ಜಾರ್ಜ್ ಕ್ಲಿಂಟನ್, ಸಾಹಿತ್ಯಕ್ಕೆ ಆಕ್ಟೇವಿಯಾ ಬಟ್ಲರ್, ಕೊನೆಗೆ 'ಬ್ಲ್ಯಾಕ್ ಪ್ಯಾಂಥರ್' ಸಿನಿಮಾ. ಜಾಝ್ ಕಲಾವಿದೆ ಆಲಿಸ್ ಕೋಲ್ಟ್ರೇನ್ ಅವರಿಗೆ ಅಲ್ಲಿ ಸಿಗುವುದು ಅಡಿಟಿಪ್ಪಣಿಯ ಜಾಗ. ಜಾಝ್ ವಿಮರ್ಶಕರು ಬಹುಕಾಲ ಒಪ್ಪಿಕೊಂಡು ಬಂದ ತೀರ್ಪಂತೂ ಇನ್ನೂ ಕೆಟ್ಟದ್ದು: ಎಪ್ಪತ್ತರ ದಶಕದಲ್ಲಿ ಒಳ್ಳೆಯ ಕೆಲಸ ಮಾಡಿದರು, ಆಮೇಲೆ ಕಾವಿ ತೊಟ್ಟು, ಆಶ್ರಮ ಕಟ್ಟಿ, ಭಜನೆ ಹಾಡುತ್ತ ಸಂಗೀತದಿಂದ ಓಡಿಹೋದರು. ಈ ಮಾತನ್ನು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಹೇಳುವವರು ಆ ಭಜನೆಗಳನ್ನು ಪೂರ್ತಿ ಕೇಳಿಯೇ ಇಲ್ಲ ಎಂಬುದು ನನ್ನ ದೃಢ ನಂಬಿಕೆ.

1971ರ 'ಯೂನಿವರ್ಸಲ್ ಕಾನ್ಷಿಯಸ್‌ನೆಸ್' ಧ್ವನಿತಟ್ಟೆಯನ್ನೇ ನೋಡಿ. ಅದರಲ್ಲಿ 'ಓ ಅಲ್ಲಾ' ಇದೆ, 'ಹರೇ ಕೃಷ್ಣ' ಇದೆ, 'ಸೀತಾ ರಾಮ್' ಇದೆ, ಈಜಿಪ್ಟಿನ ದೇವರನ್ನು ಕರೆಯುವ 'ದಿ ಆಂಖ್ ಆಫ್ ಆಮೆನ್-ರಾ' ಇದೆ. ಅದೇ ವರ್ಷದ 'ಜರ್ನಿ ಇನ್ ಸಚ್ಚಿದಾನಂದ'ದಲ್ಲಿ ತಂಬೂರಿಯ ಶ್ರುತಿಯ ಮೇಲೆ ಹಾರ್ಪ್ ಹರಿಯುತ್ತದೆ. ಕೊನೆಯ ತುಣುಕು 'ಐಸಿಸ್ ಅಂಡ್ ಓಸಿರಿಸ್'ಗೆ ಅರಬ್ಬರ ಊದ್ ಬಂದು ಸೇರುತ್ತದೆ. ಡೆಟ್ರಾಯಿಟ್‌ನಲ್ಲಿ ಹುಟ್ಟಿ, ಅಲ್ಲಿಯ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ನುಡಿಸುತ್ತ ಬೆಳೆದ ಕಪ್ಪು ಹೆಣ್ಣುಮಗಳೊಬ್ಬರು ಆಫ್ರಿಕಾ ಮತ್ತು ಏಷ್ಯಾಗಳನ್ನು ಯಾರ ಅಪ್ಪಣೆಯನ್ನೂ ಕೇಳದೆ ಒಂದೇ ಮನೆಯೊಳಗೆ ಕೂರಿಸಿದ್ದಾರೆ. ಆಫ್ರೋಫ್ಯೂಚರಿಸಂ ಎಂಬ ಹೆಸರನ್ನು ಮಾರ್ಕ್ ಡೆರಿ 1993ರಲ್ಲಿ ಕೊಡುವುದಕ್ಕೆ ಎರಡು ದಶಕ ಮೊದಲು ಆದ ಕೆಲಸ ಇದು.

ಆದರೆ ಆ ತಟ್ಟೆಗಳನ್ನು ಈಗ ಎಲ್ಲರೂ ಮೆಚ್ಚುತ್ತಾರೆ. ನನ್ನ ಜಗಳ ಇರುವುದು 1982ರಿಂದೀಚಿನ ಕ್ಯಾಸೆಟ್‌ಗಳ ಬಗ್ಗೆ. 'ತುರಿಯಾ ಸಿಂಗ್ಸ್', 'ಡಿವೈನ್ ಸಾಂಗ್ಸ್', 'ಇನ್ಫಿನಿಟ್ ಚಾಂಟ್ಸ್', 'ಗ್ಲೋರಿಯಸ್ ಚಾಂಟ್ಸ್' ಈ ನಾಲ್ಕೂ ಆಲಿಸ್ ಅವರ ಭಕ್ತ ಬಳಗಕ್ಕೆಂದೇ ಬಂದವು. ಹೊರಗಿನ ಲೋಕ ಇವುಗಳತ್ತ ತಿರುಗಿದ್ದು 2017ರಲ್ಲಿ ಲುವಾಕಾ ಬಾಪ್ ಕಂಪನಿ ಆಯ್ದ ಹಾಡುಗಳ ಸಂಕಲನ ತಂದಾಗ. ಆಲಿಸ್ ತೀರಿಕೊಂಡು ಆಗಲೇ ಹತ್ತು ವರ್ಷವಾಗಿತ್ತು.

'ಓಂ ರಾಮ' ಕೇಳಿ. ಗುಂಪು ನಾಮಸ್ಮರಣೆಗೆ ಇಳಿಯುತ್ತದೆ, ಚಪ್ಪಾಳೆ ಬೀಳುತ್ತದೆ. ಅದರ ನಡುವೆ ಸಿಂಥಸೈಸರ್‌ನ ಸ್ವರವೊಂದು ಕೆಳಗಿನಿಂದ ಜಾರುತ್ತ ಜಾರುತ್ತ ಮೇಲೇರಿ, ಯಾವ ಸ್ಥಾನದಲ್ಲೂ ನಿಲ್ಲದೆ ಕೈಬಿಟ್ಟ ಗಾಳಿಪಟದಂತೆ ಹೋಗಿಬಿಡುತ್ತದೆ. ನಡುವೆ ಲಯ ಇಳಿದು, ಗಂಡುದನಿಯೊಂದು ಭಾನುವಾರದ ಕಪ್ಪು ಚರ್ಚಿನ ಎಲ್ಲ ಭಾರ ಹೊತ್ತು ರಾಮನನ್ನು ಕರೆಯುತ್ತದೆ. ಹಾಡುತ್ತಿರುವ ಸಂಸ್ಕೃತದ ಉಚ್ಚಾರ ಅಮೆರಿಕದ್ದೇ. ಅದನ್ನು ತಿದ್ದಬೇಕೆಂದು ನನಗೆ ಅನಿಸುವುದಿಲ್ಲ. ಆ ಉಚ್ಚಾರದಲ್ಲಿ ಹಾಡಿದವರ ಊರಿದೆ, ಚರಿತ್ರೆ ಇದೆ. 'ತುರಿಯಾ ಸಿಂಗ್ಸ್'ನಲ್ಲಿ ಆಲಿಸ್ ಒಬ್ಬರೇ ಹಾಡುತ್ತಾರೆ. ತಗ್ಗಿದ ದನಿ, ಗಮಕವಿಲ್ಲ, ಸಂಗತಿ ಇಲ್ಲ. 2021ರಲ್ಲಿ ಬಂದ ರೂಪದಲ್ಲಿ ಆ ದನಿಯ ಜೊತೆಗಿರುವುದು ವರ್ಲಿಟ್ಜರ್ ಆರ್ಗನ್ ಮಾತ್ರ. ಸನ್ ರಾನ ಎಲ್ಲ ತಟ್ಟೆಗಳನ್ನೂ ಬಿಟ್ಟುಕೊಟ್ಟು ಇದೊಂದನ್ನು ಇಟ್ಟುಕೋ ಎಂದರೆ ನಾನು ಒಪ್ಪುತ್ತೇನೆ.

ಸನ್ ರಾ ಶನಿಗ್ರಹದಿಂದ ಬಂದೆನೆಂದ, ಹೊಳೆಯುವ ನಿಲುವಂಗಿ ತೊಟ್ಟ, 1974ರ ಸಿನಿಮಾದಲ್ಲಿ ತನ್ನ ಜನವನ್ನು ಬೇರೆ ಗ್ರಹಕ್ಕೆ ಕರೆದೊಯ್ಯಲು ಹೊರಟ. ಕಲ್ಪನೆ ದೊಡ್ಡದು, ಒಪ್ಪೋಣ. ಆಲಿಸ್ 1983ರಲ್ಲಿ ಕ್ಯಾಲಿಫೋರ್ನಿಯಾದ ಅಗೌರಾ ಹಿಲ್ಸ್‌ನಲ್ಲಿ ಜಾಗ ಕೊಂಡು, ಮುಂದೆ ಸಾಯಿ ಅನಂತಂ ಎಂದು ಹೆಸರಾದ ಆಶ್ರಮ ಕಟ್ಟಿದರು. ಅಲ್ಲಿ ಕಪ್ಪು ಕುಟುಂಬಗಳು ನೆಲೆನಿಂತವು, ಮಕ್ಕಳು ಬೆಳೆದರು, ಭಾನುವಾರ ಎಲ್ಲರೂ ಕೂಡಿ ಹಾಡಿದರು. ಬರಬೇಕಾದ ಕಾಲವನ್ನು ಹಾಡುವುದಕ್ಕಿಂತ ಅದರಲ್ಲಿ ಒಲೆ ಹಚ್ಚಿ ಬದುಕುವುದು ಕಷ್ಟದ ಕೆಲಸ. ಆಲಿಸ್ ಅದನ್ನು ಮಾಡಿದರು. ಇದನ್ನು ಪಲಾಯನ ಎನ್ನುವವರು 2018ರ ವೂಲ್ಸಿ ಕಾಡ್ಗಿಚ್ಚಿನಲ್ಲಿ ಆ ಜಾಗದಲ್ಲಿ ಸುಟ್ಟುಹೋದದ್ದು ಏನೆಂದು ಹೇಳಬೇಕು.

ನಮ್ಮವರ ಮೇಲೂ ನನಗೆ ತಕರಾರಿದೆ. ಅಮೆರಿಕದ ಕಲಾವಿದೆಯೊಬ್ಬರು ಭಜನೆ ಹಾಡಿದರೆಂದರೆ 'ನೋಡಿ, ನಮ್ಮ ಸಂಸ್ಕೃತಿ' ಎಂದು ಎದೆಯುಬ್ಬಿಸುತ್ತೇವೆ. ಹಾಡು ಶುರುವಾದ ಕೂಡಲೇ ಶ್ರುತಿ ಸರಿಯಿಲ್ಲ, ರಾಗ ಯಾವುದೆಂದು ತಿಳಿಯುವುದಿಲ್ಲ ಎಂದು ಮುಖ ತಿರುಗಿಸುತ್ತೇವೆ. ಭಜನೆಯನ್ನು ಕಛೇರಿಯ ಕೊನೆಯ ತುಕ್ಕಡ ಮಾಡಿ ಕೂರಿಸಿದ ರುಚಿಯೇ ಇದು. ದಾಸರ ಪದಗಳಿಗೂ ಕಛೇರಿಯಲ್ಲಿ ಅದು ಕೊಟ್ಟ ಜಾಗ ಅಷ್ಟೇ. ಆ ರುಚಿಗೆ ಆಲಿಸ್ ಅವರ ಸಿಂಥಸೈಸರ್ ಹೇಗೆ ಕೇಳಿಸೀತು?

ಆಫ್ರಿಕಾ ಮತ್ತು ಏಷ್ಯಾ ಕೂಡಿದ ಸಂಗೀತಕ್ಕಾಗಿ ಕ್ಯಾಲಿಫೋರ್ನಿಯಾಕ್ಕೇ ಹೋಗಬೇಕೆಂದೂ ಇಲ್ಲ. ನಮ್ಮ ಯಲ್ಲಾಪುರ, ಹಳಿಯಾಳದ ಆಫ್ರಿಕಾ ಮೂಲದ ಸಿದ್ದಿಗಳು ತಲೆಮಾರುಗಳಿಂದ ಡಮಾಮಿ ಬಾರಿಸಿಕೊಂಡು ಬಂದಿದ್ದಾರೆ. ಸಿದ್ದಿ ಹೆಂಗಸರು ಹೊಲಿದ ಕೌದಿಗಳು ಸ್ಯಾನ್ ಫ್ರಾನ್ಸಿಸ್ಕೋದ ಆಫ್ರಿಕನ್ ಡಯಾಸ್ಪೊರಾ ಮ್ಯೂಸಿಯಂನಲ್ಲಿ ಕಲಾಕೃತಿಗಳಾಗಿ ಗೋಡೆಯೇರಿವೆ. ನಮ್ಮಲ್ಲಿ ಡಮಾಮಿಗೆ ಸಿಗುವುದು ಉತ್ಸವದ ಮೆರವಣಿಗೆಯಲ್ಲಿ ಹತ್ತು ನಿಮಿಷ, ಮೇಲೊಂದು ಶಾಲು. ಸಂಗೀತ ವಿಮರ್ಶೆಯ ಅಂಕಣದಲ್ಲಿ ಆ ಬಾರಿಸುವಿಕೆಯ ಲಯವನ್ನು ಲಯವೆಂದೇ ಚರ್ಚಿಸಿದ ಲೇಖನಕ್ಕಾಗಿ ನಾನು ಇನ್ನೂ ಹುಡುಕುತ್ತಿದ್ದೇನೆ.